ಒಕ್ಕೂಟ ತೊರೆದ ಬ್ರಿಟನ್ನಿಗೆ ದಕ್ಕಿದ್ದೆಷ್ಟು?

ಈ ಬಾರಿ ಬಂದ ಪತ್ರಗಳಲ್ಲಿ ಹಲವು ವ್ಯಾಪಾರ ಒಕ್ಕೂಟಗಳನ್ನು ಸೇರುವ ಮತ್ತು ಬಿಡುವ ವಿಚಾರಕ್ಕೆ ಸಂಬಂಧಿಸಿದ್ದವು. ಹೆಚ್ಚಿನವರ ಗಮನ ಬ್ರಿಟನ್ನಿನ ಮೇಲಿದ್ದುದರಿಂದ ಅಲ್ಲಿಂದಲೇ ಆರಂಭಿಸಿದ್ದೇವೆ.

ಪ್ರಶ್ನೆ: ಕೂಡು ಕುಟುಂಬದಲ್ಲಿ ಹೊಂದಿಕೆಯಾಗದವರು ಹಿಸ್ಸೆ ತೆಗೆದುಕೊಂಡು ಬೇರೆಯಾಗಿ ನೆಮ್ಮದಿಯಿಂದ ಬದುಕುವುದನ್ನು ನಾವು ನೋಡಿದ್ದೇವೆ. ಐರೋಪ್ಯ ಒಕ್ಕೂಟದಿಂದ ಬೇರೆಯಾದ ಬ್ರಿಟನ್ ಹಾಗೆ ಉದ್ಧಾರವಾಯಿತೇ, ಇಲ್ಲವೇ? ಸುತ್ತಿಬಳಸದೆ ಹೇಳಿ.
— ಓದುಗರು, ಮೂಡಿಗೆರೆ

ಸುತ್ತಿಬಳಸದೆ ಹೇಳುವುದಾದರೆ, ಹಣದ ಲೆಕ್ಕದಲ್ಲಿ ಬ್ರಿಟನ್ನಿಗೆ ಇದುವರೆಗೆ ಆಗಿರುವುದು ನಷ್ಟ. ದೇಶವೇ ಮುಳುಗುವಷ್ಟು ದೊಡ್ಡ ನಷ್ಟವೇನಲ್ಲ, ಆದರೆ ಕಣ್ಣಿಗೆ ಕಾಣುವಷ್ಟು ಇದೆ.

ನಿಮ್ಮ ಹೋಲಿಕೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಹಿಸ್ಸೆಯಾದವನು ತೋಟದಲ್ಲಿ ತನ್ನ ಪಾಲನ್ನು ಅಳತೆ ಮಾಡಿಸಿ ಬೇಲಿ ಹಾಕಿಕೊಳ್ಳುತ್ತಾನೆ. ವ್ಯಾಪಾರ ಒಕ್ಕೂಟದಲ್ಲಿ ಹಾಗೆ ಅಳೆದು ಹಂಚಿಕೊಳ್ಳಲು ಆಸ್ತಿಯೇ ಇರುವುದಿಲ್ಲ. ಇರುವುದು ಒಬ್ಬರ ಜಮೀನಿನಲ್ಲಿ ಇನ್ನೊಬ್ಬರು ತಡೆಯಿಲ್ಲದೆ ಗಾಡಿ ಹೊಡೆಯುವ ಹಕ್ಕು. 28 ಜಮೀನುಗಳಲ್ಲಿ ಓಡಾಡುತ್ತಿದ್ದವನು ಹೊರಬಂದ ದಿನ ತನ್ನ ಒಂದೇ ಜಮೀನಿಗೆ ಸೀಮಿತನಾಗುತ್ತಾನೆ, ಮತ್ತು ಉಳಿದ 27ರಲ್ಲಿ ದಾರಿಯ ಹಕ್ಕಿಗಾಗಿ ಹೊಸದಾಗಿ ಕರಾರು ಬರೆಸಿಕೊಳ್ಳಬೇಕಾಗುತ್ತದೆ. 2016ರ ಜೂನ್ 23ರಂದು ಶೇ 51.9ರಷ್ಟು ಮತದಾರರು ಹೊರಬರಬೇಕೆಂದು ಮತ ಹಾಕಿದರು. 2020ರ ಜನವರಿ 31ರಂದು ಬ್ರಿಟನ್ ಅಧಿಕೃತವಾಗಿ ಹೊರಬಂತು, ಆದರೆ ಆ ವರ್ಷದ ಕೊನೆಯವರೆಗೆ ಹಳೆಯ ನಿಯಮಗಳೇ ಮುಂದುವರಿದವು. ಕರಾರಿಗೆ ಒಪ್ಪಿಗೆಯಾದದ್ದು ಅದೇ ವರ್ಷದ ಡಿಸೆಂಬರ್ 24ರಂದು, ಹಳೆಯ ವ್ಯವಸ್ಥೆ ಮುಗಿಯಲು ಒಂದೇ ವಾರ ಉಳಿದಿದ್ದಾಗ.

ನಷ್ಟವನ್ನು ಅಳೆಯುವ ಕೆಲಸ ಸುಲಭದ್ದಲ್ಲ, ಏಕೆಂದರೆ ಒಕ್ಕೂಟದಲ್ಲೇ ಉಳಿದ ಇನ್ನೊಂದು ಬ್ರಿಟನ್ ನಮ್ಮ ಕಣ್ಣ ಮುಂದಿಲ್ಲ. ಸಾಲದೆಂಬಂತೆ, ಹೊರಬಂದ ವರ್ಷವೇ ಕೋವಿಡ್ ಬಂತು, ಅದರ ಬೆನ್ನಿಗೆ ಉಕ್ರೇನ್ ಯುದ್ಧದಿಂದ ಇಂಧನದ ಬೆಲೆ ಏರಿತು. ಇದೆಲ್ಲವನ್ನೂ ಬದಿಗಿಟ್ಟು ಬ್ರಿಟನ್ನಿನ ಸರ್ಕಾರಿ ಹಣಕಾಸಿನ ಮೇಲೆ ಕಣ್ಣಿಡುವ ಸ್ವತಂತ್ರ ಸಂಸ್ಥೆಯಾದ ಆಫೀಸ್ ಫಾರ್ ಬಜೆಟ್ ರೆಸ್ಪಾನ್ಸಿಬಿಲಿಟಿ ಮಾಡಿರುವ ಅಂದಾಜು ಹೀಗಿದೆ: ಒಕ್ಕೂಟದಲ್ಲೇ ಇದ್ದಿದ್ದರೆ ತಲುಪಬಹುದಾಗಿದ್ದ ಮಟ್ಟಕ್ಕಿಂತ ದೇಶದ ಉತ್ಪಾದಕತೆ ದೀರ್ಘಾವಧಿಯಲ್ಲಿ ಶೇ 4ರಷ್ಟು ಕೆಳಗಿರುತ್ತದೆ, ಆಮದು ಮತ್ತು ರಫ್ತು ಎರಡೂ ಶೇ 15ರಷ್ಟು ಕಡಿಮೆಯಾಗುತ್ತವೆ. 2025ರ ಕೊನೆಯಲ್ಲಿ ಹೊರಬಂದ ಒಂದು ಅರ್ಥಶಾಸ್ತ್ರೀಯ ಅಧ್ಯಯನ ಜಿಡಿಪಿಗೆ ಆದ ಹಾನಿಯನ್ನು ಶೇ 6ರಿಂದ 8 ಎಂದು ಲೆಕ್ಕಹಾಕಿದೆ. ಇವೆಲ್ಲ ಉತ್ಪ್ರೇಕ್ಷೆ ಎನ್ನುವ ಅರ್ಥಶಾಸ್ತ್ರಜ್ಞರೂ ಇದ್ದಾರೆ. ನಮಗೆ ಶೇ 4ರ ಆಸುಪಾಸಿನ ಲೆಕ್ಕ ಹೆಚ್ಚು ನಂಬಲರ್ಹವಾಗಿ ಕಾಣುತ್ತದೆ. ಇದರರ್ಥ ದೇಶ ಬಡವಾಯಿತು ಎಂದಲ್ಲ. 100 ರೂಪಾಯಿ ದುಡಿಯಬಹುದಾಗಿದ್ದವನು 96 ರೂಪಾಯಿ ದುಡಿಯುತ್ತಿದ್ದಾನೆ, ಹೋದ 4 ರೂಪಾಯಿ ಅವನ ಜೇಬಿಗೆ ಎಂದೂ ಬರದೇ ಇದ್ದುದರಿಂದ ಕಳೆದುಕೊಂಡೆನೆಂಬ ಅರಿವೂ ಅವನಿಗೆ ಸರಿಯಾಗಿ ಆಗುವುದಿಲ್ಲ. ಈ ವಿಷಯದ ರಾಜಕೀಯ ವಾದ ಇನ್ನೂ ಮುಗಿಯದಿರಲು ಇದೂ ಒಂದು ಕಾರಣ.

ಲಾಭದ ಕಡೆಗೂ ಬರೋಣ. 2025ರಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪ್ ಬಹುತೇಕ ಎಲ್ಲ ದೇಶಗಳ ಮೇಲೂ ಸುಂಕ ಹೇರಿದಾಗ ಬ್ರಿಟನ್ನಿಗೆ ಶೇ 10 ಬಿತ್ತು, ಐರೋಪ್ಯ ಒಕ್ಕೂಟಕ್ಕೆ ಮಾತುಕತೆಯ ನಂತರವೂ ಶೇ 15 ಬಿತ್ತು. ಒಳಗಿದ್ದಿದ್ದರೆ ಬ್ರಿಟನ್ನೂ 15 ಕಟ್ಟಬೇಕಾಗುತ್ತಿತ್ತು. ಇದನ್ನು ಬ್ರೆಕ್ಸಿಟ್ಟಿನ, ಅಂದರೆ ಒಕ್ಕೂಟದಿಂದ ಹೊರಬಂದದ್ದರ, ಲಾಭವೆಂದು ಒಪ್ಪದೆ ಗತಿಯಿಲ್ಲ. ಕೋವಿಡ್ ಲಸಿಕೆಯ ಉದಾಹರಣೆಯನ್ನು ಅಲ್ಲಿನ ರಾಜಕಾರಣಿಗಳು ಇನ್ನೂ ಹೆಚ್ಚು ಬಳಸುತ್ತಾರೆ, ಆದರೆ ಅದು ಅಷ್ಟು ಗಟ್ಟಿಯಲ್ಲ. 2020ರ ಡಿಸೆಂಬರ್ 2ರಂದು ಬ್ರಿಟನ್ ಲಸಿಕೆಗೆ ತುರ್ತು ಅನುಮತಿ ಕೊಟ್ಟಾಗ ಐರೋಪ್ಯ ಕಾನೂನೇ ಅಲ್ಲಿ ಜಾರಿಯಲ್ಲಿತ್ತು, ಮತ್ತು ಅಂಥ ಅನುಮತಿಗೆ ಆ ಕಾನೂನಿನಲ್ಲೇ ಅವಕಾಶವಿತ್ತು. ಒಕ್ಕೂಟದ ಸಾಮೂಹಿಕ ಖರೀದಿಯನ್ನು ಸೇರದೆ ಸ್ವಂತವಾಗಿ ಬೇಗ ಖರೀದಿ ಮಾಡಿದ್ದು ಮಾತ್ರ ನಿಜವಾಗಿ ಉಪಯೋಗಕ್ಕೆ ಬಂತು.

ನಮ್ಮ ದೃಷ್ಟಿಯಲ್ಲಿ ಮುಖ್ಯವಾದ ಪ್ರಶ್ನೆ ಬೇರೆಯೇ ಇದೆ: ಒಳಗಿದ್ದಾಗ ಮಾಡಲಾಗದಿದ್ದ ಯಾವ ಕೆಲಸವನ್ನು ಹೊರಬಂದ ಮೇಲೆ ಮಾಡುತ್ತೀರಿ? ಹೊರಬರಲು ಮತ ಹಾಕಿದವರಲ್ಲಿ ಕೆಲವರಿಗೆ ಸುಂಕಗಳನ್ನೆಲ್ಲ ಕಿತ್ತುಹಾಕಿ ಸಿಂಗಪುರದಂತೆ ಆಗಬೇಕಿತ್ತು. ಇನ್ನು ಕೆಲವರಿಗೆ ವಿದೇಶಿ ಸರಕು ಮತ್ತು ವಿದೇಶಿ ಕೆಲಸಗಾರರಿಂದ ರಕ್ಷಣೆ ಬೇಕಿತ್ತು. ಇವರಿಬ್ಬರಿಗೂ ಒಂದೇ ಸರ್ಕಾರ ಉತ್ತರ ಕೊಡುವುದು ಸಾಧ್ಯವಿರಲಿಲ್ಲ. ಹಾಗಾಗಿ ಸಿಕ್ಕಿದ ಸ್ವಾತಂತ್ರ್ಯದ ಬಹುಭಾಗ ಬಳಕೆಯಾಗದೆ ಉಳಿಯಿತು. ಐರೋಪ್ಯ ಮೂಲದ ಸುಮಾರು 4,000 ಕಾನೂನುಗಳನ್ನು 2023ರ ಕೊನೆಯೊಳಗೆ ತೆಗೆದುಹಾಕುತ್ತೇವೆಂದು ಹೊರಟ ಸರ್ಕಾರ ಕೊನೆಗೆ ಕೈಹಾಕಿದ್ದು ಸುಮಾರು 600ಕ್ಕೆ. ಸರಕು ಸುರಕ್ಷತೆಯ ನಿಯಮಗಳಿಗೆ ಸರಿಯಿದೆ ಎಂದು ತೋರಿಸುವ ಐರೋಪ್ಯ ಸಿಇ ಗುರುತಿನ ಬದಲು ಸ್ವಂತ ಗುರುತೊಂದನ್ನು ತಂದು, ಉದ್ಯಮಗಳು ಗೋಗರೆದ ಮೇಲೆ, ಹೆಚ್ಚಿನ ಸರಕುಗಳಿಗೆ ಹಳೆಯ ಗುರುತೇ ಸಾಕೆಂದು ಒಪ್ಪಿಕೊಂಡಿತು.

ಪ್ರಶ್ನೆ: ಬ್ರಿಟನ್ ಮತ್ತು ಐರೋಪ್ಯ ಒಕ್ಕೂಟದ ನಡುವೆ ಈಗಲೂ ಸುಂಕವಿಲ್ಲ ಎಂದು ಓದಿದ್ದೇನೆ. ಸುಂಕವೇ ಇಲ್ಲದ ಮೇಲೆ ವ್ಯಾಪಾರ ಏಕೆ ಕುಗ್ಗಬೇಕು?
— ಮೆಣಸು ಬೆಳೆಗಾರರು, ಪೊನ್ನಂಪೇಟೆ

ನೀವು ಮೆಣಸು ಬೆಳೆಗಾರರಾಗಿರುವುದು ನಮ್ಮ ಕೆಲಸವನ್ನು ಹಗುರ ಮಾಡಿದೆ. ಭಾರತ ಮತ್ತು ಶ್ರೀಲಂಕಾ ನಡುವಿನ ಮುಕ್ತ ವ್ಯಾಪಾರ ಒಪ್ಪಂದ 2000ನೇ ಇಸವಿಯಲ್ಲಿ ಜಾರಿಗೆ ಬಂತು. ಶ್ರೀಲಂಕಾದಲ್ಲಿ ಬೆಳೆದ ಮೆಣಸು ಒಂದು ಮಿತಿಯವರೆಗೆ ಸುಂಕವಿಲ್ಲದೆ ಬರಬಹುದಿತ್ತು. ಆದರೆ ವಿಯೆಟ್ನಾಮಿನ ಅಗ್ಗದ ಮೆಣಸು ಕೊಲಂಬೊ ಬಂದರಿನಲ್ಲಿ ಚೀಲ ಬದಲಿಸಿ ಶ್ರೀಲಂಕಾದ ಹೆಸರಿನಲ್ಲಿ ಒಳಗೆ ಬರುತ್ತಿದೆ ಎಂದು ಕೊಡಗು, ಹಾಸನ, ಚಿಕ್ಕಮಗಳೂರಿನ ಬೆಳೆಗಾರರು ವರ್ಷಗಟ್ಟಲೆ ಕೂಗಿದರು, ಮತ್ತು 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆಯನ್ನು ನಿಗದಿ ಮಾಡಬೇಕಾಯಿತು. ಒಂದು ಸರಕು ನಿಜವಾಗಿ ಎಲ್ಲಿ ಹುಟ್ಟಿತು ಎಂಬುದನ್ನು ಕಾಗದದಲ್ಲಿ ಸಾಬೀತು ಮಾಡಿಸುವ ಷರತ್ತಿಗೆ ಮೂಲದ ನಿಯಮ ಎನ್ನುತ್ತಾರೆ. ಎರಡು ದೇಶಗಳ ನಡುವೆ ಸುಂಕವಿಲ್ಲದಿದ್ದರೂ, ಹೊರಗಿನ ಮೂರನೆಯ ದೇಶದ ಸರಕಿಗೆ ಅವು ಬೇರೆ ಬೇರೆ ಸುಂಕ ಹಾಕುತ್ತಿದ್ದರೆ ಈ ನಿಯಮವಿಲ್ಲದೆ ನಡೆಯುವುದೇ ಇಲ್ಲ.

ಐರೋಪ್ಯ ಒಕ್ಕೂಟದ ಒಳಗೆ ಈ ಗೋಜಿಲ್ಲ, ಏಕೆಂದರೆ ಹೊರಗಿನ ಸರಕಿಗೆ ಎಲ್ಲ ಸದಸ್ಯರೂ ಹಾಕುವ ಸುಂಕ ಒಂದೇ; ರಾಟರ್‌ಡ್ಯಾಮ್ ಬಂದರಿನಲ್ಲಿ ಒಮ್ಮೆ ಇಳಿದ ಮೆಣಸು ಆಮೇಲೆ ಯಾವ ದೇಶಕ್ಕೆ ಹೋದರೂ ಯಾರೂ ಕೇಳುವುದಿಲ್ಲ. ಬ್ರಿಟನ್ ಹೊರಬಂದ ಕೂಡಲೇ ಅದರ ಕಾರ್ಖಾನೆಗಳು ಬಿಡಿಭಾಗದ ಹುಟ್ಟಿನ ಲೆಕ್ಕ ಬರೆಯಬೇಕಾಯಿತು. ವಿದ್ಯುತ್ ಕಾರಿನಲ್ಲಿ ಅತಿ ಬೆಲೆಯ ಭಾಗವೆಂದರೆ ಬ್ಯಾಟರಿ, ಅದು ಬರುವುದು ಹೆಚ್ಚಾಗಿ ಏಷ್ಯಾದಿಂದ. 2024ರಿಂದ ಮೂಲದ ನಿಯಮ ಬಿಗಿಯಾಗಿ ಅಂಥ ಕಾರಿನ ಮೇಲೆ ಶೇ 10 ಸುಂಕ ಬೀಳುವುದರಲ್ಲಿತ್ತು. ಎರಡೂ ಕಡೆಯ ಕಾರು ತಯಾರಕರು ಗಾಬರಿಯಾದ ಮೇಲೆ ಅದನ್ನು 2026ರ ಕೊನೆಯವರೆಗೆ ಮುಂದೂಡಲಾಯಿತು.

ಮೂಲದ ನಿಯಮದ ಮೇಲೆ ಇನ್ನೂ ಹಲವು ಪದರಗಳಿವೆ. ಮಾಂಸ, ಮೀನು, ಹಾಲಿನ ಪದಾರ್ಥಗಳಿಗೆ ಪಶುವೈದ್ಯರ ಪ್ರಮಾಣಪತ್ರ ಬೇಕು. ಕಸ್ಟಮ್ಸ್ ಘೋಷಣೆ ಬೇಕು. ಸುಂಕದ ದರ ಸೊನ್ನೆಯೇ ಇರಬಹುದು, ಆದರೆ ಆ ಸೊನ್ನೆಗೆ ಅರ್ಹರೆಂದು ತೋರಿಸಲು ಗುಮಾಸ್ತರನ್ನು ಇಟ್ಟುಕೊಳ್ಳಬೇಕು. 2021ರ ಜನವರಿಯಲ್ಲಿ ಸ್ಕಾಟ್ಲೆಂಡಿನ ಸಮುದ್ರೋತ್ಪನ್ನ ರಫ್ತುದಾರರು ಸರಕು ಕೊಳೆಯುವ ಭಯದಲ್ಲಿ ತಮ್ಮ ಲಾರಿಗಳನ್ನು ಲಂಡನ್ನಿನ ಸರ್ಕಾರಿ ಕಚೇರಿಗಳ ಬೀದಿಗೇ ತಂದು ನಿಲ್ಲಿಸಿದರು. ಶುದ್ಧೀಕರಿಸದ ಜೀವಂತ ಚಿಪ್ಪುಮೀನು ಹೊರಗಿನ ದೇಶದಿಂದ ಒಕ್ಕೂಟಕ್ಕೆ ಬರಕೂಡದೆಂಬ ನಿಯಮ ಮೊದಲಿನಿಂದಲೂ ಇತ್ತು. ಅದನ್ನು ರೂಪಿಸುವಾಗ ಬ್ರಿಟನ್ ಒಳಗೆ ಕುಳಿತಿತ್ತು, ಈಗ ಅದೇ ನಿಯಮದ ಹೊರಗಿನ ದೇಶ ತಾನಾಗಿತ್ತು. ದೊಡ್ಡ ಕಂಪನಿಗಳು ಈ ಖರ್ಚನ್ನು ನುಂಗಿಕೊಂಡವು. ವಾರಕ್ಕೆ ಹತ್ತು ಪೆಟ್ಟಿಗೆ ಚೀಸ್ ಕಳಿಸುತ್ತಿದ್ದ ಸಣ್ಣ ರಫ್ತುದಾರನಿಗೆ ಅದು ಸಾಧ್ಯವಾಗಲಿಲ್ಲ, ಅಂಥವರಲ್ಲಿ ಅನೇಕರು ಯುರೋಪಿಗೆ ಮಾರುವುದನ್ನೇ ಬಿಟ್ಟರು.

ಸೇವಾ ಕ್ಷೇತ್ರದ ಕಥೆ ಇಷ್ಟು ಕಹಿಯಲ್ಲ. ಲಂಡನ್ನಿನ ಬ್ಯಾಂಕುಗಳು ಒಂದೇ ಪರವಾನಗಿಯಲ್ಲಿ ಇಡೀ ಯುರೋಪಿಗೆ ಸೇವೆ ಕೊಡುವ ಹಕ್ಕನ್ನು ಕಳೆದುಕೊಂಡವು, 2021ರ ಜನವರಿಯಲ್ಲಿ ಷೇರು ವಹಿವಾಟಿನಲ್ಲಿ ಆಮ್‌ಸ್ಟರ್‌ಡ್ಯಾಮ್ ಲಂಡನ್ನನ್ನು ಹಿಂದೆ ಹಾಕಿತು, ಇವೆಲ್ಲ ನಿಜ. ಆದರೂ ಸಲಹೆ, ಕಾನೂನು, ಲೆಕ್ಕಪರಿಶೋಧನೆಯಂಥ ಸೇವೆಗಳ ರಫ್ತು ಒಟ್ಟಾರೆ ಚೆನ್ನಾಗಿಯೇ ಬೆಳೆದಿದೆ. ಪಶುವೈದ್ಯರ ಪ್ರಮಾಣಪತ್ರ ಕೇಳದ ಸರಕು ಅದು.

ಪ್ರಶ್ನೆ: ವಾರಕ್ಕೆ 35 ಕೋಟಿ ಪೌಂಡ್ ಉಳಿಸಿ ಆಸ್ಪತ್ರೆಗಳಿಗೆ ಕೊಡುತ್ತೇವೆ ಎಂದು ಒಕ್ಕೂಟ ಬಿಡುವ ಪರ ಪ್ರಚಾರ ಮಾಡಿದವರು ಬಸ್ಸಿನ ಮೇಲೆ ಬರೆಸಿದ್ದರಲ್ಲ, ಆ ಹಣ ಏನಾಯಿತು?
— ಓದುಗರು, ಗದಗ

ಆ ಮೊತ್ತವೇ ತಪ್ಪಾಗಿತ್ತು. ಒಕ್ಕೂಟಕ್ಕೆ ಕಟ್ಟುವ ಹಣದಲ್ಲಿ ಬ್ರಿಟನ್ನಿಗೆ ಸಿಗುತ್ತಿದ್ದ ರಿಯಾಯಿತಿಯನ್ನು ಕಳೆಯದೆ ಹೇಳಿದ ಸಂಖ್ಯೆ ಅದೆಂದು ಅಲ್ಲಿನ ಅಧಿಕೃತ ಅಂಕಿಅಂಶ ಪ್ರಾಧಿಕಾರ ಮತದಾನಕ್ಕೆ ಮೊದಲೇ ಆಕ್ಷೇಪಿಸಿತ್ತು. ಸದಸ್ಯತ್ವದ ಹಣ ಉಳಿದದ್ದು ನಿಜ. ಆದರೆ ಆರ್ಥಿಕತೆ ಶೇ 4ರಷ್ಟು ಕುಗ್ಗಿದರೆ ಖಜಾನೆಗೆ ಬಾರದೆ ಹೋಗುವ ತೆರಿಗೆ, ಹಾಗೆ ಉಳಿದ ಹಣಕ್ಕಿಂತ ದೊಡ್ಡದು.

ಪ್ರಶ್ನೆ: ವ್ಯಾಪಾರ ಒಕ್ಕೂಟವನ್ನು ತೊರೆದು ನಿಜವಾಗಿಯೂ ಲಾಭ ಪಡೆದ ದೇಶ ಒಂದಾದರೂ ಇದೆಯೇ?
— ಅರ್ಥಶಾಸ್ತ್ರ ವಿದ್ಯಾರ್ಥಿನಿ, ಮೈಸೂರು

ಎರಡು ಉದಾಹರಣೆಗಳು ನೆನಪಾಗುತ್ತವೆ, ಎರಡನ್ನೂ ಷರತ್ತಿನ ಮೇಲೆಯೇ ಒಪ್ಪಬೇಕು.

ಮೊದಲನೆಯದು ಗ್ರೀನ್‌ಲ್ಯಾಂಡ್. 1972ರ ಜನಮತಗಣನೆಯಲ್ಲಿ ಅಲ್ಲಿನ ಸುಮಾರು ಶೇ 70 ಜನ ಯುರೋಪಿನ ಅಂದಿನ ಆರ್ಥಿಕ ಸಮುದಾಯವನ್ನು ಸೇರುವುದು ಬೇಡವೆಂದಿದ್ದರೂ, ಡೆನ್ಮಾರ್ಕಿನ ಭಾಗವಾಗಿದ್ದ ಕಾರಣ 1973ರಲ್ಲಿ ಅದರ ಜೊತೆ ಒಳಗೆ ಹೋಗಬೇಕಾಯಿತು. ಹೋದ ಮೇಲೆ ತಮ್ಮ ಕಡಲಿನಲ್ಲಿ ಯಾರು ಎಷ್ಟು ಮೀನು ಹಿಡಿಯಬೇಕೆಂಬ ತೀರ್ಮಾನ ಆ ಸಮುದಾಯದ ಕೇಂದ್ರವಾದ ಬ್ರಸೆಲ್ಸ್‌ನಲ್ಲಿ ಆಗತೊಡಗಿತು. 1979ರಲ್ಲಿ ಸ್ವಯಮಾಡಳಿತ ಸಿಕ್ಕಿತು, 1982ರಲ್ಲಿ ಮತ್ತೆ ಜನಮತಗಣನೆ ನಡೆಯಿತು, 1985ರ ಫೆಬ್ರವರಿ 1ರಂದು ಗ್ರೀನ್‌ಲ್ಯಾಂಡ್ ಹೊರಬಂತು. ಅದರ ರಫ್ತೆಂದರೆ ಬಹುಪಾಲು ಮೀನು ಮತ್ತು ಸಿಗಡಿ. ಹೊರಬರುವಾಗ ಅದು ಪಡೆದ ಒಪ್ಪಂದವನ್ನು ನೋಡಿ: ಯುರೋಪಿನ ದೋಣಿಗಳು ಅದರ ನೀರಿನಲ್ಲಿ ಹಿಡಿಯುವ ಮೀನಿಗೆ ಯುರೋಪ್ ಹಣ ಕೊಡಬೇಕು, ಮತ್ತು ಗ್ರೀನ್‌ಲ್ಯಾಂಡಿನ ಮೀನು ಸುಂಕವಿಲ್ಲದೆ ಯುರೋಪಿಗೆ ಹೋಗಬೇಕು. ಬಿಟ್ಟು ಬಂದ ಕಾರಣವೂ ಕೈಗೆ ಸಿಕ್ಕ ಫಲವೂ ಇಲ್ಲಿ ಒಂದಕ್ಕೊಂದು ಸರಿಹೊಂದಿದವು. ಷರತ್ತು ಏನೆಂದರೆ, ಅದು 56,000ದಷ್ಟು ಜನರಿರುವ, ಡೆನ್ಮಾರ್ಕ್ ಪ್ರತಿವರ್ಷ ಕೊಡುವ ಅನುದಾನದ ಆಸರೆಯಿರುವ ನಾಡು. ಬ್ರಿಟನ್ನಿನ ಪ್ರಚಾರದಲ್ಲೂ ಮೀನುಗಾರರು ಮುಂಚೂಣಿಯಲ್ಲಿದ್ದರು, ಆದರೆ ಅಲ್ಲಿನ ಜಿಡಿಪಿಯಲ್ಲಿ ಮೀನುಗಾರಿಕೆಯ ಪಾಲು ಶೇ 0.1ರ ಆಸುಪಾಸು. ಅಷ್ಟೇ ಅಲ್ಲ, ಯುರೋಪಿನ ದೋಣಿಗಳಿಗೆ ಬ್ರಿಟನ್ನಿನ ನೀರಿನಲ್ಲಿದ್ದ ಪ್ರವೇಶವನ್ನು 2025ರ ಮೇ ತಿಂಗಳಲ್ಲಿ 2038ರವರೆಗೆ ವಿಸ್ತರಿಸಿ ಕೊಟ್ಟಾಗಿದೆ.

ಎರಡನೆಯದು ಚಿಲಿ. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತ ಸೀಮೆಯ ದೇಶಗಳ 1969ರ ವ್ಯಾಪಾರ ಕೂಟವಾದ ಆಂಡಿಯನ್ ಒಪ್ಪಂದಕ್ಕೆ ಸಹಿ ಹಾಕಿದ ಮೂಲ ಸದಸ್ಯರಲ್ಲಿ ಅದೂ ಒಂದು. ಆ ಕೂಟ ಹೊರಗಿನವರಿಗೆ ಎತ್ತರದ ಸುಂಕದ ಗೋಡೆ ಕಟ್ಟಿ, ವಿದೇಶಿ ಬಂಡವಾಳಕ್ಕೆ ಬಿಗಿಯಾದ ಮಿತಿ ಹಾಕುವ ನೀತಿಯದು. 1973ರಲ್ಲಿ ಅಧಿಕಾರ ಹಿಡಿದ ಪಿನೊಶೆಯ ಸೈನಿಕ ಸರ್ಕಾರಕ್ಕೆ ಇದರ ವಿರುದ್ಧ ದಿಕ್ಕಿನಲ್ಲಿ ಹೋಗಬೇಕಿತ್ತು. 1976ರಲ್ಲಿ ಅದು ಕೂಟವನ್ನು ಬಿಟ್ಟು 1979ರ ಹೊತ್ತಿಗೆ ಬಹುತೇಕ ಎಲ್ಲ ಸರಕಿಗೂ ಏಕರೂಪದ ಶೇ 10 ಸುಂಕಕ್ಕೆ ಇಳಿಯಿತು. 1982ರಲ್ಲಿ ಸಾಲ ಮತ್ತು ಬ್ಯಾಂಕುಗಳ ಬಿಕ್ಕಟ್ಟಿನಲ್ಲಿ ಜಿಡಿಪಿ ಒಂದೇ ವರ್ಷದಲ್ಲಿ ಶೇ 10ಕ್ಕೂ ಹೆಚ್ಚು ಕುಸಿದದ್ದನ್ನು ಮರೆಯುವಂತಿಲ್ಲ, ಆ ಸರ್ಕಾರ ಜನರನ್ನು ಹೇಗೆ ನಡೆಸಿಕೊಂಡಿತೆಂಬುದನ್ನಂತೂ ಮರೆಯಲೇಬಾರದು. ಆದರೆ ವ್ಯಾಪಾರದ ಮಟ್ಟಿಗೆ, ತೆರೆದ ಬಾಗಿಲ ನೀತಿಯನ್ನು ಮುಂದೆ ಬಂದ ಪ್ರಜಾಪ್ರಭುತ್ವದ ಸರ್ಕಾರಗಳೂ ಮುಂದುವರಿಸಿ ಹತ್ತಾರು ದೇಶಗಳೊಂದಿಗೆ ಒಪ್ಪಂದ ಮಾಡಿಕೊಂಡವು. ಕೂಟಕ್ಕಿಂತ ಹೆಚ್ಚು ತೆರೆದುಕೊಳ್ಳಲು ಕೂಟವನ್ನು ಬಿಟ್ಟ ದೇಶ ಅದು. ಬ್ರಿಟನ್ನಿನ ಸಂದರ್ಭ ತಿರುಗುಮುರುಗು: ಅದು ಬಿಟ್ಟದ್ದು ಜಗತ್ತಿನಲ್ಲೇ ಅತಿ ಹೆಚ್ಚು ತೆರೆದ ಒಳಮಾರುಕಟ್ಟೆಯನ್ನು.

2025ರ ಜನವರಿ 29ರಂದು ಪಶ್ಚಿಮ ಆಫ್ರಿಕದ ಎಕೋವಾಸ್ ಒಕ್ಕೂಟವನ್ನು ಬಿಟ್ಟ ಮಾಲಿ, ಬುರ್ಕಿನಾ ಫಾಸೊ, ನೈಜರ್‌ಗಳ ಬಗ್ಗೆ ತೀರ್ಪು ಕೊಡಲು ಇನ್ನೂ ಕಾಲ ಬಂದಿಲ್ಲ. ಮೂರಕ್ಕೂ ಕಡಲಿಲ್ಲ, ಮೂರರ ಸರಕೂ ನೆರೆಯವರ ಬಂದರಿನಿಂದಲೇ ಬರಬೇಕು.

ಪ್ರಶ್ನೆ: ಬ್ರಿಟನ್ ಹೊರಬಂದದ್ದರಿಂದಲೇ ನಮ್ಮೊಂದಿಗೆ ಒಪ್ಪಂದ ಸಾಧ್ಯವಾಯಿತಲ್ಲವೇ? ನನ್ನಂಥ ಐಟಿ ಉದ್ಯೋಗಿಗೆ ಅದರಿಂದೇನು?
— ಓದುಗರು, ಬೆಂಗಳೂರು

ಹೌದು, ಒಕ್ಕೂಟದ ಸದಸ್ಯ ದೇಶವೊಂದು ತಾನೇ ಕುಳಿತು ಸುಂಕದ ಒಪ್ಪಂದ ಮಾಡಿಕೊಳ್ಳುವಂತಿಲ್ಲ. 2025ರ ಜುಲೈ 24ರಂದು ಸಹಿಯಾದ ಭಾರತ–ಬ್ರಿಟನ್ ಒಪ್ಪಂದದಲ್ಲಿ ಸ್ಕಾಚ್ ವಿಸ್ಕಿಯ ಮೇಲಿನ ಶೇ 150 ಸುಂಕ ಮೊದಲು 75ಕ್ಕೆ, ಹತ್ತು ವರ್ಷಗಳಲ್ಲಿ 40ಕ್ಕೆ ಇಳಿಯುತ್ತದೆ. ಭಾರತದ ಸರಕಿನ ಶೇ 99ರಷ್ಟು ಬಾಬುಗಳಿಗೆ ಅಲ್ಲಿ ಸುಂಕವಿರುವುದಿಲ್ಲ. ಕಂಪನಿಯವರು ನಿಮ್ಮನ್ನು ತಾತ್ಕಾಲಿಕವಾಗಿ ಲಂಡನ್ನಿಗೆ ಕಳಿಸಿದರೆ, ಒಪ್ಪಂದದ ಜೊತೆ ಮಾತುಕತೆಯಾದ ಇನ್ನೊಂದು ಕರಾರಿನ ಪ್ರಕಾರ, ಒಂದು ನಿಗದಿತ ಅವಧಿಯವರೆಗೆ ಅಲ್ಲಿನ ಸಾಮಾಜಿಕ ಭದ್ರತೆಯ ವಂತಿಗೆ ಕಟ್ಟಬೇಕಾಗಿಲ್ಲ. ಇಲ್ಲಿಯ ಭವಿಷ್ಯನಿಧಿಗೆ ಕಟ್ಟಿದರೆ ಸಾಕು.

ಆದರೆ ಬ್ರಿಟನ್ನಿಗೆ ಇದರಿಂದ ಸಿಗುವುದೆಷ್ಟು? ದೀರ್ಘಾವಧಿಯಲ್ಲಿ ಜಿಡಿಪಿಗೆ ಶೇ 0.13 ಎಂದು ಅಲ್ಲಿನ ಸರ್ಕಾರವೇ ಅಂದಾಜು ಮಾಡಿದೆ. ಆಸ್ಟ್ರೇಲಿಯಾದ ಒಪ್ಪಂದಕ್ಕೆ ಸರ್ಕಾರ ಹೇಳಿದ್ದು ಶೇ 0.08, ಅದು ಬ್ರಿಟನ್ನಿಗೆ ಅಷ್ಟೇನೂ ಒಳ್ಳೆಯ ಒಪ್ಪಂದವಲ್ಲವೆಂದು ಆಗ ಕೃಷಿ ಖಾತೆ ಹೊಂದಿದ್ದ ಜಾರ್ಜ್ ಯೂಸ್ಟಿಸ್ ಅಧಿಕಾರ ಬಿಟ್ಟ ಮೇಲೆ ಸಂಸತ್ತಿನಲ್ಲೇ ಒಪ್ಪಿಕೊಂಡರು. ಇವನ್ನು ಶೇ 4ರ ಪಕ್ಕ ಇಟ್ಟು ನೋಡಿದರೆ ಕೂಡಿಸುವ ಶ್ರಮವೂ ಬೇಡವೆನಿಸುತ್ತದೆ. ದೂರದ ನೆಂಟನಿಗಿಂತ ಪಕ್ಕದ ಮನೆಯವನೇ ವ್ಯಾಪಾರಕ್ಕೆ ಹತ್ತಿರ. ಬ್ರಿಟನ್ನಿನ ರಫ್ತಿನಲ್ಲಿ ಈಗಲೂ ಶೇ 40ಕ್ಕಿಂತ ಹೆಚ್ಚು ಐರೋಪ್ಯ ಒಕ್ಕೂಟಕ್ಕೇ ಹೋಗುತ್ತದೆ. ಇನ್ನೊಂದು ತಮಾಷೆಯೂ ಇದೆ. 2007ರಲ್ಲಿ ಶುರುವಾಗಿ 2013ರಲ್ಲಿ ನಿಂತುಹೋಗಿದ್ದ ಭಾರತ ಮತ್ತು ಐರೋಪ್ಯ ಒಕ್ಕೂಟದ ಮಾತುಕತೆ 2022ರಲ್ಲಿ ಮತ್ತೆ ಆರಂಭವಾಗಿ, 2026ರ ಜನವರಿಯಲ್ಲಿ ಪೂರ್ಣಗೊಂಡಿತೆಂದು ದೆಹಲಿಯಲ್ಲಿ ಘೋಷಣೆಯಾಯಿತು. ಬ್ರಿಟನ್ ಒಂಟಿಯಾಗಿ ಗಳಿಸಿದ ಮುನ್ನಡೆ ಕೆಲವೇ ತಿಂಗಳು.

ವಲಸೆಯ ವಿಷಯದಲ್ಲಿ ಭಾರತೀಯರಿಗೆ ಆದ ಅನುಕೂಲ ಇದಕ್ಕಿಂತ ದೊಡ್ಡದು. 2021ರಿಂದ ಯುರೋಪಿನವರಿಗಿದ್ದ ಆದ್ಯತೆ ಹೋಗಿ ಅಂಕ ಆಧರಿತ ವೀಸಾ ಎಲ್ಲರಿಗೂ ಒಂದೇ ಆಯಿತು; ಪೋಲೆಂಡಿನವರು ಬರುತ್ತಿದ್ದ ಜಾಗಕ್ಕೆ ಭಾರತ ಮತ್ತು ನೈಜೀರಿಯದವರು ಬಂದರು, ಮತ್ತು ವಲಸೆ ತಗ್ಗಿಸಲೆಂದು ಮತ ಹಾಕಿದ ದೇಶದಲ್ಲಿ ನಿವ್ವಳ ವಲಸೆ 2023ರಲ್ಲಿ 9 ಲಕ್ಷ ದಾಟಿತು. ಆ ಬಾಗಿಲನ್ನು ಈಚೆಗೆ ಮತ್ತೆ ಬಿಗಿ ಮಾಡುತ್ತಿದ್ದಾರೆ.

ಪ್ರಶ್ನೆ: ಭಾರತ 2019ರಲ್ಲಿ ಏಷ್ಯಾ–ಪೆಸಿಫಿಕ್ ದೇಶಗಳ ವ್ಯಾಪಾರ ಕೂಟವಾದ ಆರ್‌ಸಿಇಪಿ ಬಿಟ್ಟದ್ದೂ ಬ್ರೆಕ್ಸಿಟ್ಟೂ ಒಂದೇ ಬಗೆಯ ನಿರ್ಧಾರವಲ್ಲವೇ?
— ಹಾಲು ಉತ್ಪಾದಕರು, ಚನ್ನರಾಯಪಟ್ಟಣ

ಅಲ್ಲ. ಮನೆ ಕಟ್ಟಿ ನಾಲ್ಕು ದಶಕ ಬಾಳಿದ ಮೇಲೆ ಬಿಟ್ಟು ಹೋಗುವುದಕ್ಕೂ, ನಕ್ಷೆ ನೋಡಿ ಬೇಡವೆನ್ನುವುದಕ್ಕೂ ವ್ಯತ್ಯಾಸವಿದೆ. 2019ರ ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಭಾರತ ಹಿಂದೆ ಸರಿದಾಗ ಆ ಕೂಟದ ನಿಯಮಕ್ಕೆ ಒಗ್ಗಿಸಿ ಕಟ್ಟಿದ ಕಾರ್ಖಾನೆಯಾಗಲಿ, ಹೆಣೆದ ಸರಬರಾಜು ಸರಪಳಿಯಾಗಲಿ ನಮ್ಮಲ್ಲಿರಲಿಲ್ಲ. ಹಾಗಾಗಿ ಹರಿದು ಹೋಗುವುದೂ ಏನಿರಲಿಲ್ಲ. ನ್ಯೂಜಿಲೆಂಡಿನ ಹಾಲಿನ ಪುಡಿಯ ಭಯ, ಚೀನಾದ ಸರಕಿನ ಭಯ ಎರಡೂ ಸ್ಪಷ್ಟವಾಗಿದ್ದವು. ಆಮೇಲೆ ಭಾರತ ಬೇಕಾದವರೊಂದಿಗೆ ಬೇಕಾದಷ್ಟೇ ಒಪ್ಪಂದ ಮಾಡಿಕೊಂಡಿತು: ಆಸ್ಟ್ರೇಲಿಯಾದೊಂದಿಗೆ 2022ರಲ್ಲಿ, ನ್ಯೂಜಿಲೆಂಡಿನೊಂದಿಗೆ ಮಾತುಕತೆ ಮುಗಿದದ್ದು 2025ರ ಡಿಸೆಂಬರ್‌ನಲ್ಲಿ, ಮತ್ತು ಎರಡರಲ್ಲೂ ಹಾಲನ್ನು ಹೊರಗಿಟ್ಟಿದೆ. ಹೈನುಗಾರರಿಗೆ ಇದು ನೆಮ್ಮದಿಯ ಸಂಗತಿ. ಆದರೆ ಏಷ್ಯಾದ ಬಿಡಿಭಾಗಗಳ ಜಾಲದಲ್ಲಿ ಸೇರಿಕೊಳ್ಳಬಹುದಾಗಿದ್ದ ನಮ್ಮ ಎಲೆಕ್ಟ್ರಾನಿಕ್ಸ್ ಉದ್ಯಮಕ್ಕೆ ಅದರ ಬೆಲೆ ಬಿದ್ದಿದೆ ಎಂಬ ವಾದವನ್ನು ನಾವು ತಳ್ಳಿಹಾಕುವುದಿಲ್ಲ.

ಪ್ರಶ್ನೆ: ತಪ್ಪೆನಿಸಿದರೆ ಬ್ರಿಟನ್ ಮತ್ತೆ ಸೇರಬಹುದೇ?
— ಓದುಗರು, ಉಡುಪಿ

ಕಾನೂನಿನಲ್ಲಿ ಅಡ್ಡಿಯಿಲ್ಲ, 27 ದೇಶಗಳೂ ಒಪ್ಪಬೇಕಷ್ಟೆ. ಆದರೆ 1984ರಲ್ಲಿ ಮಾರ್ಗರೆಟ್ ಥ್ಯಾಚರ್ ಹಟ ಹಿಡಿದು ಪಡೆದ ರಿಯಾಯಿತಿ, ಯೂರೋ ಕರೆನ್ಸಿ ಬೇಡವೆನ್ನುವ ವಿನಾಯಿತಿ ಇವೆಲ್ಲ ಹಳೆಯ ಸದಸ್ಯನಿಗೆ ಸಿಕ್ಕಿದ್ದವು. ಹೊಸದಾಗಿ ಅರ್ಜಿ ಹಾಕುವವನಿಗೆ ಸಿಗುವ ಭರವಸೆಯಿಲ್ಲ. ಏಕಮಾರುಕಟ್ಟೆಗೂ (ಒಳಗಿನ ವ್ಯಾಪಾರಕ್ಕೆ ಎಲ್ಲರಿಗೂ ಒಂದೇ ನಿಯಮ) ಸುಂಕದ ಒಕ್ಕೂಟಕ್ಕೂ (ಹೊರಗಿನ ಸರಕಿಗೆ ಎಲ್ಲರದೂ ಒಂದೇ ಸುಂಕ) ಮರಳುವುದಿಲ್ಲವೆಂದು ಹೇಳಿಯೇ ಕೀರ್ ಸ್ಟಾರ್ಮರ್ ಅವರ ಪಕ್ಷ 2024ರಲ್ಲಿ ಗೆದ್ದು ಬಂತು. 2025ರ ಮೇ 19ರಂದು ಲಂಡನ್ನಿನಲ್ಲಿ ಎರಡೂ ಕಡೆಯವರು ಕುಳಿತು, ಮಾಂಸ ಮತ್ತು ಹಾಲಿನ ಲಾರಿಗಳು ಗಡಿಯಲ್ಲಿ ಕಾಯುವುದನ್ನು ತಪ್ಪಿಸುವ ಒಪ್ಪಂದವೊಂದರ ಕಡೆಗೆ ಹೆಜ್ಜೆ ಇಟ್ಟರು. ಅದಕ್ಕೆ ಒಪ್ಪಿಕೊಂಡ ಷರತ್ತಿನ ಪ್ರಕಾರ, ಆಹಾರ ಸುರಕ್ಷತೆಯ ಐರೋಪ್ಯ ನಿಯಮಗಳು ಬದಲಾದಂತೆಲ್ಲ ಬ್ರಿಟನ್ನೂ ತನ್ನ ನಿಯಮಗಳನ್ನು ಬದಲಿಸಿಕೊಳ್ಳುತ್ತ ಹೋಗಬೇಕು. ಆ ನಿಯಮಗಳಿಗೆ ಮತ ಹಾಕುವ ಸಭೆಯಲ್ಲಿ ಅದಕ್ಕೆ ಈಗ ಕುರ್ಚಿಯಿಲ್ಲ.